ಗೋಡೆಯಿಲ್ಲದ ಕಾಲೇಜು, ಮಣ್ಣಿಲ್ಲದ ದ್ವೀಪ

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಕೋಶ ಓದುವುದಕ್ಕೆ ಒಂದು ಗ್ರಂಥಾಲಯ, ಒಂದಿಷ್ಟು ಛಲ ಇದ್ದರೆ ಸಾಕು. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು, ಸಮಯ ಬೇಕು, ಹೆಣ್ಣುಮಕ್ಕಳಾದರೆ ಮನೆಯವರ ಒಪ್ಪಿಗೆಯೂ ಬೇಕು. ಕಲಿಕೆಯಲ್ಲಿ ಹಿಂದೆ ಬೀಳುವವರ ಪೈಕಿ ಬುದ್ಧಿ ಸಾಲದವರಿಗಿಂತ ಬಸ್‌ಚಾರ್ಜು ಸಾಲದವರೇ ಹೆಚ್ಚು ಎಂದರೆ ಯಾರೂ ಅಲ್ಲಗಳೆಯಲಾರರು.

ವಿಜಯಪುರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆಯನ್ನೇ ನೋಡಿ. ಅಲ್-ಅಮೀನ್ ವೈದ್ಯಕೀಯ ಕಾಲೇಜು ಈ ರಸ್ತೆಯಲ್ಲಿದೆ. ಮುಂದೆ ತೊರವಿಯ ಹತ್ತಿರ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವಿದೆ. ಅದನ್ನೂ ದಾಟಿದರೆ ದ್ರಾಕ್ಷಿ ತೋಟಗಳ ತಿಕೋಟಾ. ಈ ಊರುಗಳಿಂದ ಓದಲು ಬರುವ ವಿದ್ಯಾರ್ಥಿನಿಗೆ ಬೆಂಗಳೂರಿನ ಒಂದು ವಿಚಾರಸಂಕಿರಣಕ್ಕೆ ಹೋಗಿ ಬರುವುದೆಂದರೆ ಎರಡು ರಾತ್ರಿಯ ಪ್ರಯಾಣ, ತಂಗಲು ಒಂದು ಸ್ಥಳ, ಜೊತೆಗೊಬ್ಬರು. ಇದಿಷ್ಟನ್ನೂ ಹೊಂದಿಸುವಷ್ಟರಲ್ಲಿ ಸಂಕಿರಣವೇ ಮುಗಿದಿರುತ್ತದೆ. ಹೋಗಲಾರದವಳ ಬಳಿಗೆ ಸಂಕಿರಣವೇ ಬಂದರೆ ಹೇಗೆ? ಈ ಪ್ರಶ್ನೆಗೆ ಕಂಪ್ಯೂಟರ್ ತಜ್ಞರು ಕೊಟ್ಟಿರುವ ಉತ್ತರಗಳಲ್ಲಿ ಒಂದು, ವರ್ಚುವಲ್ ಲೋಕ.

ವರ್ಚುವಲ್ ಲೋಕವೆಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಒಂದು ಊರು. ಅದರಲ್ಲಿ ಕಟ್ಟಡ, ಮರ, ರಸ್ತೆ, ಸಭಾಂಗಣ ಎಲ್ಲವೂ ಉಂಟು. ಅದರೊಳಗೆ ಹೋಗುವವರು ತಮ್ಮ ಬದಲು ಒಂದು ಗೊಂಬೆಯನ್ನು ನಡೆಸುತ್ತಾರೆ. ಆ ಗೊಂಬೆಗೆ ಜಗತ್ತಿನವರೆಲ್ಲ ಇಟ್ಟುಕೊಂಡಿರುವ ಹೆಸರು ನಮ್ಮದೇ ಪದ: ಅವತಾರ. ದೂರದರ್ಶನದ ಪಾಠದಲ್ಲಿ ವಿದ್ಯಾರ್ಥಿ ಬರೀ ನೋಡುಗ. ಇಲ್ಲಿ ಹಾಗಲ್ಲ, ಎದ್ದು ನಡೆಯಬಹುದು, ಪಕ್ಕದವರನ್ನು ಮಾತನಾಡಿಸಬಹುದು, ವಸ್ತುವನ್ನು ಎತ್ತಿ ತಿರುಗಿಸಿ ನೋಡಬಹುದು.

ಇದು ನಿನ್ನೆ ಮೊನ್ನೆ ಹುಟ್ಟಿದ್ದೇನೂ ಅಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬಿಬ್ಬರು ವಿದ್ಯಾರ್ಥಿಗಳು ಇಂಥದೊಂದು ಲೋಕವನ್ನು ಕಟ್ಟಿದರು. ಅದರಲ್ಲಿ ಚಿತ್ರವೇ ಇರಲಿಲ್ಲ. 'ನೀನು ಈಗ ಗುಹೆಯ ಬಾಯಲ್ಲಿ ನಿಂತಿರುವೆ' ಎಂಬಂಥ ಮಾತುಗಳು ಪರದೆಯ ಮೇಲೆ ಮೂಡುತ್ತಿದ್ದವು, ಅಷ್ಟೇ. ಅದು ಆಟ. ಆಟವನ್ನು ವಿದ್ವಾಂಸರ ಕೂಟವಾಗಿ ಮಾಡಿದ್ದು ಅಮೆರಿಕದ ಎಂ.ಐ.ಟಿ.ಯ ಏಮಿ ಬ್ರಕ್‌ಮನ್. ಮಾಧ್ಯಮಗಳ ಬಗೆಗೆ ಸಂಶೋಧನೆ ಮಾಡುವವರು ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಕಂಡು ಮತ್ತೆ ದೂರವಾಗಬಾರದು, ದಿನವೂ ಭೇಟಿಯಾಗಬೇಕು ಎಂಬ ಉದ್ದೇಶದಿಂದ 1993ರಲ್ಲಿ ಆಕೆ 'ಮೀಡಿಯಾಮೂ' ಎಂಬ ಅಕ್ಷರಲೋಕವನ್ನು ತೆರೆದರು. ಸಮಾನ ಆಸಕ್ತರ ಪರಿಚಯ ಬೆಳೆಸುವ ಇಂದಿನ ಎಲ್ಲ ಅಂತರ್ಜಾಲ ಕೂಟಗಳಿಗೂ ಇಂಥವೇ ಹಿರಿಯಜ್ಜಿಯರು.

2003ರ ಜೂನ್ ತಿಂಗಳಲ್ಲಿ ಅಮೆರಿಕದ ಲಿಂಡನ್ ಲ್ಯಾಬ್ ಕಂಪೆನಿ 'ಸೆಕೆಂಡ್ ಲೈಫ್' ಎಂಬ ಚಿತ್ರಮಯ ಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. ಇಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಒಂದು ಕಲ್ಲು-ಗಾರೆಯ ಆವರಣ, ಇನ್ನೊಂದು ಬರೀ ಅಂಕಿಗಳ ಆವರಣ. ಸೆಕೆಂಡ್ ಲೈಫ್‌ನಲ್ಲಿ ಭೂಮಿಯನ್ನು ಅಳೆದು ಬಾಡಿಗೆಗೆ ಕೊಡುತ್ತಾರೆ. ಒಂದು ತುಂಡು 256 ಮೀಟರ್ ಉದ್ದ, 256 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 16 ಎಕರೆ 8 ಗುಂಟೆ. ಸುತ್ತಲೂ ನೀರಿರುವ ಇಂಥ 'ದ್ವೀಪ'ಗಳನ್ನು ಅನೇಕ ವಿಶ್ವವಿದ್ಯಾನಿಲಯಗಳು ಕೊಂಡು ಅಲ್ಲಿ ತರಗತಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳನ್ನು ಕಟ್ಟಿದವು. 2006ರಲ್ಲಿ ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಚಾರ್ಲ್ಸ್ ನೆಸ್ಸನ್ ಮತ್ತು ಅವರ ಮಗಳು ರೆಬೆಕ್ಕಾ ತಮ್ಮ ಒಂದು ಕೋರ್ಸಿನ ಪಾಠಗಳನ್ನು ಅಲ್ಲಿಯೂ ನಡೆಸಿದರು. 2008ರಲ್ಲಿ ಐ.ಬಿ.ಎಂ. ಕಂಪೆನಿ ತನ್ನ ತಂತ್ರಜ್ಞರ ಸಮ್ಮೇಳನವೊಂದನ್ನು ವಿಮಾನ, ಹೋಟೆಲುಗಳ ಖರ್ಚಿಲ್ಲದೆ ಅಲ್ಲಿಯೇ ಮುಗಿಸಿತು.

ಇದು ನಡೆಯುವ ಬಗೆ ಸ್ವಾರಸ್ಯಕರ. ಕಟ್ಟಡ, ಮರಗಳ ವಿವರ ಒಮ್ಮೆ ನಮ್ಮ ಯಂತ್ರಕ್ಕೆ ಇಳಿದ ಮೇಲೆ, ಮುಖ್ಯವಾಗಿ ಓಡಾಡುವುದು ಅಂಕಿಗಳು ಮಾತ್ರ: ಯಾರ ಅವತಾರ ಎಲ್ಲಿದೆ, ಯಾವ ಕಡೆಗೆ ಮುಖ ಮಾಡಿದೆ ಎಂಬ ಲೆಕ್ಕ. ಆ ಅಂಕಿಗಳನ್ನು ಹಿಡಿದು ಚಿತ್ರ ಬಿಡಿಸುವ ಕೆಲಸ ನಮ್ಮ ಕಂಪ್ಯೂಟರಿನದು. ಗಣಿತದ ತರಗತಿಯಲ್ಲಿ 'ಇದರಿಂದ ಏನು ಪ್ರಯೋಜನ?' ಎನಿಸುವ ಎಕ್ಸ್, ವೈ, ಝಡ್ ಅಕ್ಷಗಳೇ ಈ ಇಡೀ ಊರಿನ ಅಡಿಪಾಯ.

ಧ್ವನಿಗೂ ಇಂಥದೇ ಲೆಕ್ಕವಿದೆ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವರ್ಚುವಲ್ ಲೋಕದಲ್ಲೂ ದೂರ ಹೆಚ್ಚಿದಂತೆ ಧ್ವನಿ ತಗ್ಗುವಂತೆ ಮಾಡಿರುತ್ತಾರೆ. ಹಾಗಾಗಿ ಒಂದೇ ಸಭಾಂಗಣದಲ್ಲಿ ಹತ್ತು ಗುಂಪುಗಳು ಒಂದಕ್ಕೊಂದು ಅಡ್ಡಿಯಾಗದಂತೆ ಮಾತನಾಡಬಹುದು. ಮಾಮೂಲಿ ವಿಡಿಯೋ ಸಭೆಯಲ್ಲಿ ಇದು ಸುಲಭವಲ್ಲ, ಅಲ್ಲಿ ಒಬ್ಬರು ಬಾಯಿ ತೆರೆದರೆ ಉಳಿದವರೆಲ್ಲ ಸುಮ್ಮನಿರಬೇಕು. ಸಮ್ಮೇಳನಗಳಿಗೆ ಹೋಗಿ ಬಂದವರಿಗೆಲ್ಲ ಗೊತ್ತು, ನಿಜವಾದ ಪರಿಚಯಗಳು ಬೆಳೆಯುವುದು ಭಾಷಣದ ಹೊತ್ತಿನಲ್ಲಲ್ಲ, ಚಹಾ ಬಿಡುವಿನಲ್ಲಿ. ವರ್ಚುವಲ್ ಲೋಕ ತಂದುಕೊಡಲು ಹೊರಟಿರುವುದು ಆ ಚಹಾ ಬಿಡುವನ್ನು. ಚಹಾ ಮಾತ್ರ ಅವರವರ ಮನೆಯದು!

ಕೋವಿಡ್ ಬಂದಾಗ ಇದರ ಪರೀಕ್ಷೆ ನಡೆಯಿತು. 2020ರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ನಡೆಯಬೇಕಿದ್ದ ಐ.ಇ.ಇ.ಇ. ವಿ.ಆರ್. ಸಮ್ಮೇಳನ 'ಮೊಜಿಲ್ಲಾ ಹಬ್ಸ್' ಎಂಬ ಲೋಕಕ್ಕೆ ಸ್ಥಳಾಂತರವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮುಂಬಯಿಯ ಐ.ಐ.ಟಿ. ತನ್ನ ಘಟಿಕೋತ್ಸವವನ್ನು ವರ್ಚುವಲ್ ಆಗಿ ನಡೆಸಿತು. ನಿರ್ದೇಶಕರ ಅವತಾರ ಪದವಿ ಕೊಟ್ಟಿತು, ವಿದ್ಯಾರ್ಥಿಗಳ ಅವತಾರ ಸ್ವೀಕರಿಸಿತು, ತಂದೆ-ತಾಯಿ ಮನೆಯಲ್ಲೇ ಕುಳಿತು ಕಣ್ತುಂಬ ನೋಡಿದರು.

ವಿಜ್ಞಾನ ಕಲಿಯುವವರಿಗೆ ಇದರಿಂದ ಸಿಗುವ ದೊಡ್ಡ ಲಾಭ ಬೇರೆಯೇ ಇದೆ. ಒಂದು ಮೀಟರ್ ಉದ್ದದ ಲೋಲಕವನ್ನು ತೆಗೆದುಕೊಳ್ಳೋಣ. ಅದು ಒಮ್ಮೆ ಹೋಗಿ ಬರಲು ಭೂಮಿಯ ಮೇಲೆ ಸುಮಾರು 2 ಸೆಕೆಂಡು ಬೇಕು. ಇದೇ ಲೋಲಕ ಚಂದ್ರನ ಮೇಲಿದ್ದರೆ? ಸೂತ್ರಕ್ಕೆ ಅಂಕಿ ಹಾಕಿದರೆ 4.9 ಸೆಕೆಂಡು ಎಂದು ಬರುತ್ತದೆ. ಆದರೆ ಕಾಗದದ ಮೇಲೆ ಬಂದ ಉತ್ತರ ಬೇರೆ, ಮಂದಗತಿಯಲ್ಲಿ ತೂಗುವ ಲೋಲಕದ ಪಕ್ಕದಲ್ಲಿ ನಿಂತು ಎಣಿಸುವುದು ಬೇರೆ. ವರ್ಚುವಲ್ ಲೋಕದಲ್ಲಿ ಗುರುತ್ವವನ್ನು ಬದಲಿಸಬಹುದು. ಬಡಿಯುತ್ತಿರುವ ಹೃದಯದ ಕವಾಟಗಳ ನಡುವೆ ನಿಲ್ಲಬಹುದು. ಪರಮಾಣುವನ್ನು ಕೋಣೆಯಷ್ಟು ದೊಡ್ಡದಾಗಿಸಬಹುದು. ತಪ್ಪಿದರೆ ಗಾಜು ಒಡೆಯುವುದಿಲ್ಲ, ಆಮ್ಲ ಚೆಲ್ಲುವುದಿಲ್ಲ, ರೋಗಿ ನರಳುವುದಿಲ್ಲ.

ಆದರೆ ತಪ್ಪೇ ಆಗದ ಪ್ರಯೋಗದಿಂದ ಅರ್ಧ ಪಾಠ ಮಾತ್ರ ಸಿಗುತ್ತದೆ. ನಿಜವಾದ ಲೋಲಕದ ದಾರ ಹಿಗ್ಗುತ್ತದೆ, ಗಂಟು ಜಾರುತ್ತದೆ, ಕಿಟಕಿಯ ಗಾಳಿ ತಾಗುತ್ತದೆ, ಗಡಿಯಾರ ಒತ್ತುವ ಬೆರಳು ಒಂದಿಷ್ಟು ತಡವಾಗುತ್ತದೆ. ಬೆರಳಿನ ತಡ 0.2 ಸೆಕೆಂಡು ಎಂದಿಟ್ಟುಕೊಂಡರೆ, ಒಂದು ಆಂದೋಲನ ಅಳೆದಾಗ ಅಷ್ಟೂ ದೋಷ ಉತ್ತರಕ್ಕೆ ಸೇರುತ್ತದೆ. 20 ಆಂದೋಲನ ಎಣಿಸಿ ಭಾಗಿಸಿದರೆ ದೋಷ 0.01 ಸೆಕೆಂಡಿಗೆ ಇಳಿಯುತ್ತದೆ. 20 ಆಂದೋಲನ ಏಕೆ ಎಣಿಸಬೇಕು ಎಂಬುದು ಅರಿವಾಗುವುದು ಕೈ ತಪ್ಪಿದಾಗಲೇ. ಪ್ರತಿ ಸಲವೂ ಸರಿಯಾದ ಉತ್ತರ ಕೊಡುವ ಯಂತ್ರ ಸೂತ್ರವನ್ನು ತೋರಿಸಬಲ್ಲದೇ ಹೊರತು ಅಳತೆಯನ್ನು ಕಲಿಸಲಾರದು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಈ ದ್ವೀಪಗಳು ಯಾರವು? ಸೆಕೆಂಡ್ ಲೈಫ್ ಶಿಕ್ಷಣ ಸಂಸ್ಥೆಗಳಿಗೆ ಅರ್ಧ ಬೆಲೆಗೆ ಭೂಮಿ ಕೊಡುತ್ತಿತ್ತು. ಆ ರಿಯಾಯಿತಿಯನ್ನು ನಿಲ್ಲಿಸುವುದಾಗಿ 2010ರಲ್ಲಿ ಕಂಪೆನಿ ಪ್ರಕಟಿಸಿತು. ಅನೇಕ ಕಾಲೇಜುಗಳು ಗಂಟುಮೂಟೆ ಕಟ್ಟಿದವು. ಕೆಲವು 'ಓಪನ್ ಸಿಮ್ಯುಲೇಟರ್' ಎಂಬ ಉಚಿತ ತಂತ್ರಾಂಶದ ಮೊರೆಹೊಕ್ಕವು. 2013ರಲ್ಲಿ ರಿಯಾಯಿತಿ ಮರಳಿತು, ಹೋದವರೆಲ್ಲ ಮರಳಲಿಲ್ಲ. ಮೈಕ್ರೋಸಾಫ್ಟ್‌ನ ಆಲ್ಟ್‌ಸ್ಪೇಸ್ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಸಮ್ಮೇಳನಕ್ಕೆ ಆಸರೆಯಾಗಿದ್ದ ಹಬ್ಸ್ ಸೇವೆಯನ್ನು ಮೊಜಿಲ್ಲಾ 2024ರ ಮೇ ತಿಂಗಳಲ್ಲಿ ನಿಲ್ಲಿಸಿತು.

ಇದು ಅಥಣಿ ರಸ್ತೆಯವರಿಗೆ ಹೊಸ ಕಥೆಯಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತೊರವಿಯ ಬಳಿ 1599ರಲ್ಲಿ ನವರಸಪುರ ಎಂಬ ಹೊಸ ನಗರವನ್ನು ಕಟ್ಟಲು ತೊಡಗಿದ. ಸಂಗೀತಪ್ರೇಮಿ ಅರಸನ ಕನಸಿನ ಊರು ಅದು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಆದರೂ ಕಲ್ಲಿನ ಊರಾದ್ದರಿಂದ ಸಂಗೀತ ಮಹಲಿನ ಅವಶೇಷವಾದರೂ ಇಂದಿಗೂ ನೋಡಲು ಸಿಗುತ್ತದೆ. ಅಂಕಿಗಳ ಊರು ಮುಚ್ಚಿದರೆ ಒಂದು ಕಲ್ಲೂ ಉಳಿಯುವುದಿಲ್ಲ. ಅಧ್ಯಾಪಕರು ವರ್ಷಗಟ್ಟಲೆ ಕಟ್ಟಿದ ಪಾಠ, ವಿದ್ಯಾರ್ಥಿ ಮಾಡಿದ ಪ್ರಾಜೆಕ್ಟು, ಬೆಳೆಸಿಕೊಂಡ ಪರಿಚಯ ಎಲ್ಲವೂ ಒಂದು ಗುಂಡಿ ಒತ್ತಿದರೆ ಮಾಯ.

ಹಾಗೆಂದು ಇದನ್ನು ದೂರವಿಡಬೇಕೆ? ಅಗತ್ಯವಿಲ್ಲ. ದೂರದ ಪಾಠದ ವಿಷಯದಲ್ಲಿ ಕರ್ನಾಟಕ ಯಾವತ್ತೂ ಹಿಂದೆ ಬಿದ್ದಿಲ್ಲ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿದ 'ಎಜುಸ್ಯಾಟ್' ಉಪಗ್ರಹದ ಯೋಜನೆಯಲ್ಲಿ ಮೊದಲ ಪ್ರಯೋಗಕ್ಕೆ ಕೈಜೋಡಿಸಿದವುಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಮುಂದೆ ಕೇಂದ್ರ ಸರ್ಕಾರ 'ವರ್ಚುವಲ್ ಲ್ಯಾಬ್ಸ್' ಯೋಜನೆಯನ್ನು ಕೈಗೊಂಡಿತು. ದಿಲ್ಲಿಯ ಐ.ಐ.ಟಿ. ಮುಂದಾಳುತನದ ಈ ಕೆಲಸದಲ್ಲಿ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯೂ ಸೇರಿದೆ. ಇಲ್ಲಿ ಅವತಾರಗಳ ಆಡಂಬರವಿಲ್ಲ, ಶುಲ್ಕವೂ ಇಲ್ಲ. ಬೇಕಾದ ಪ್ರಯೋಗವನ್ನು ಪರದೆಯ ಮೇಲೆ ಎಷ್ಟು ಸಲವಾದರೂ ಮಾಡಿ ನೋಡಬಹುದು. ಲ್ಯಾಬಿಗೆ ಹೋಗುವ ಹಿಂದಿನ ದಿನ ಹೀಗೊಮ್ಮೆ ಅಭ್ಯಾಸ ಮಾಡಿಕೊಂಡು ಹೋದ ವಿದ್ಯಾರ್ಥಿ ಮರುದಿನ ಬ್ಯೂರೆಟ್ಟಿನ ಮುಂದೆ ತಡವರಿಸಬೇಕಾಗಿಲ್ಲ.

ಪಾಲಕರು ಕೇಳುವ ಇನ್ನೊಂದು ಪ್ರಶ್ನೆ ಆರೋಗ್ಯದ್ದು. ಮುಖಕ್ಕೆ ಕಟ್ಟುವ ವಿ.ಆರ್. ಕನ್ನಡಕ ಹಾಕಿಕೊಂಡಾಗ ಕೆಲವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಕಣ್ಣು 'ನಡೆಯುತ್ತಿದ್ದೇನೆ' ಎನ್ನುತ್ತದೆ, ಒಳಕಿವಿಯ ಸಮತೋಲನದ ಅಂಗ 'ಕುಳಿತಿದ್ದೇನೆ' ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಮಿದುಳು ತಬ್ಬಿಬ್ಬಾಗುತ್ತದೆ. ಬಸ್ಸಿನಲ್ಲಿ ಪುಸ್ತಕ ಓದುವಾಗ ಆಗುವ ತೊಂದರೆಗೂ ಕಾರಣ ಇಂಥದೇ. ಸ್ವಲ್ಪ ಹೊತ್ತು ಬಳಸಿ ಬಿಡುವು ಕೊಡುವುದು ಒಳ್ಳೆಯದು. ಅನೇಕ ಲೋಕಗಳಿಗೆ ಈ ಕನ್ನಡಕದ ಹಂಗೇ ಇಲ್ಲ, ಸಾಮಾನ್ಯ ಪರದೆ ಸಾಕು.

ಅವತಾರದ ಹಿಂದೆ ಯಾರಿದ್ದಾರೆ ಎಂಬ ಭಯ ಸಹಜವಾದದ್ದೇ. ಕಾಲೇಜೇ ನಡೆಸುವ, ಹಾಜರಿ ಪಟ್ಟಿಯಿರುವ, ಅಧ್ಯಾಪಕರು ಇರುವ ಆವರಣ ಒಂದು ಬಗೆ. ಯಾರು ಬೇಕಾದರೂ ನುಗ್ಗುವ ಸಂತೆ ಇನ್ನೊಂದು ಬಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಪಿ.ಯು. ವಿದ್ಯಾರ್ಥಿಗಳ ಪಾಲಕರು ಇದನ್ನು ನೆನಪಿನಲ್ಲಿಡಬೇಕು.

ಪ್ರವೇಶದ ಕಾಲದಲ್ಲಿ 'ನಮ್ಮಲ್ಲಿ ವರ್ಚುವಲ್ ಲ್ಯಾಬ್ ಇದೆ' ಎಂಬ ಬಣ್ಣದ ಹಾಳೆ ಕೈಗೆ ಬಂದರೆ ಮರುಳಾಗುವ ಮೊದಲು ನಾಲ್ಕು ಪ್ರಶ್ನೆ ಕೇಳುವುದು ಲೇಸು. ನಿಜವಾದ ಲ್ಯಾಬ್ ಇದೆಯೇ, ವಾರಕ್ಕೆ ಎಷ್ಟು ತಾಸು ಮಗು ತನ್ನ ಕೈಯಿಂದ ಉಪಕರಣ ಮುಟ್ಟುತ್ತದೆ? ಇದಕ್ಕೆ ಬೇರೆ ಶುಲ್ಕವಿದೆಯೇ? ಮನೆಯಲ್ಲಿರುವ ಮೊಬೈಲಿನಲ್ಲಿ ಇದು ನಡೆಯುತ್ತದೆಯೇ? ಕಂಪೆನಿ ಬಾಗಿಲು ಹಾಕಿದರೆ ಮಗುವಿನ ಕೆಲಸದ ಪ್ರತಿ ಯಾರ ಬಳಿ ಇರುತ್ತದೆ?

ವಿದ್ಯಾರ್ಥಿಗಳಿಗೂ ಒಂದು ಮಾತು. ವರ್ಚುವಲ್ ಸಮ್ಮೇಳನದಲ್ಲಿ ಹಿರಿಯ ವಿಜ್ಞಾನಿಯೊಬ್ಬರ ಪರಿಚಯವಾದರೆ ಅಲ್ಲಿಗೇ ಬಿಡಬಾರದು. ಮರುದಿನವೇ ನಿಜವಾದ ಹೆಸರು, ಕಾಲೇಜು ತಿಳಿಸಿ, ಅವರ ಕೆಲಸದ ಬಗೆಗೆ ಒಂದು ಒಳ್ಳೆಯ ಪ್ರಶ್ನೆಯಿಟ್ಟು ಪತ್ರ ಬರೆಯಬೇಕು. ಲೋಕ ಮುಚ್ಚಿದರೂ ಪತ್ರ ಉಳಿಯುತ್ತದೆ.

ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಚಾಟ್ನಿಯ ಮಹತ್ವ ಹೇಳಿಕೊಡಬೇಕಾಗಿಲ್ಲ. ಯಾವ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಎಡವಿದರೆ ಆ ವರ್ಷದ ಫಸಲಿಗೇ ಪೆಟ್ಟು. ಹೊಸಬನೊಬ್ಬ ಪರದೆಯ ಮೇಲಿನ ಬಳ್ಳಿಯಲ್ಲಿ ನೂರು ಸಲ ತಪ್ಪಿ ಕಲಿತು ಬಂದರೆ ಬೆಳೆಗಾರನಿಗೆ ಅದು ಲಾಭವೇ. ಆದರೆ ತೋಟದಲ್ಲಿ ಕತ್ತರಿ ಹಿಡಿದು ನಿಜವಾದ ಬಳ್ಳಿಗೆ ಕೈ ಹಾಕುವ ದಿನ ಬಂದೇ ಬರಬೇಕು. ಕಾಲೇಜಿನ ಕಲಿಕೆಗೂ ಈ ಮಾತು ಸಲ್ಲುತ್ತದೆ.