‘ಸರ್ವರ್ ಡೌನ್’: ಗಂಟು ಎಲ್ಲಿ ಬಿದ್ದಿದೆ?

2023ರ ಜುಲೈ ಕೊನೆಯ ವಾರ. ಮಹಾರಾಷ್ಟ್ರ ಸರಕಾರ ಒಂದು ರೂಪಾಯಿಗೆ ಬೆಳೆವಿಮೆ ಎಂದು ಸಾರಿತ್ತು. ತೊಗರಿಗೆ ವಿಮೆ ಮಾಡಿಸಲು ಮರವಡೆಯಿಂದ ಹೋಗಿ ಒಂದು ಸೇವಾ ಕೇಂದ್ರದ ಮುಂದೆ ಎರಡು ದಿನ ಕುಂತೆ. ಕೈಯಲ್ಲಿ ಸಾತ್‌ಬಾರಾ ಉತಾರ, ಕಿಸೆಯಲ್ಲಿ ಆಧಾರ್. ಹುಡುಗ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದ: “ಕಾಕಾ, ಸರ್ವರ್ ಡೌನ್ ಐತ್ರಿ.”

‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬುದು ನಮ್ಮ ಗಾದೆ. ತೆಲುಗಿನವರೂ ‘ದೇವುಡು ವರಮಿಚ್ಚಿನಾ ಪೂಜಾರಿ ವರಮಿವ್ವಡು’ ಅಂತಾರೆ. ಈಗ ಪೂಜಾರಿಯ ಜಾಗದಲ್ಲಿ ಸರ್ವರ್ ಕುಂತದ. ಆ ಸಲ ಜುಲೈ 31ರ ಗಡುವು ಆಗಸ್ಟ್ 3ಕ್ಕೆ ಸರಿಯಿತು, ನನ್ನ ಅರ್ಜಿಯೂ ದಡ ಸೇರಿತು. ಗಡುವು ಸರಿಯದಿದ್ದರೆ?

ಈ ‘ಡೌನ್’ ಅಂದರೇನು ಎಂದು ಅಂದಿನಿಂದ ತಿಳಿದವರನ್ನು ಕೇಳುತ್ತ ಬಂದಿದ್ದೇನೆ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿ ಒಯ್ದವರಿಗೆ ಇದು ಕಠಿಣವೇನಲ್ಲ. ಲಾರಿ ಸಾಲು ನಿಂತರೆ ನಾವು ಕೇಳುವುದೇನು? ತಡೆ ರಸ್ತೆಯಲ್ಲೋ, ಗೇಟಿನಲ್ಲೋ, ಕಾಟಾದಲ್ಲೋ, ಹಮಾಲರಲ್ಲೋ?

ಮೊದಲು ರಸ್ತೆ ನೋಡಬೇಕು. ಅದೇ ಮೊಬೈಲಿನಲ್ಲಿ ಬೇರೆಲ್ಲ ತೆರೆದು ಇದೊಂದೇ ತೆರೆಯದಿದ್ದರೆ ನೆಟ್ಟಿನ ತಪ್ಪಲ್ಲ, ತಡೆ ಬಹುತೇಕ ಅತ್ತಲೇ ಇದೆ. ಅಲ್ಲಿ ಸರ್ವರ್ ಅಂದರೆ ಹಮಾಲರ ಗ್ಯಾಂಗು, ಡೇಟಾಬೇಸ್ ಅಂದರೆ ದಾಖಲೆಗಳ ಗೋದಾಮು. ಗೋದಾಮಿನ ವಹಿಗೆ ಸೂಚಿ ಇಲ್ಲದಿದ್ದರೆ ಒಂದು ಹೆಸರಿಗಾಗಿ ಹಮಾಲ ಎಲ್ಲ ಪುಟ ತಿರುವಬೇಕು. ಎಲ್ಲ ಹಮಾಲರೂ ಹೀಗೆ ಒಳಗೇ ಸಿಕ್ಕಿಕೊಂಡರೆ ಗೇಟಿನಲ್ಲಿ ಸಾಲು ನಿಲ್ಲುತ್ತದೆ. ಆಗ ದೊಡ್ಡ ಯಂತ್ರ ತಂದರೂ ಅಷ್ಟಕ್ಕಷ್ಟೆ, ಸೂಚಿ ಬರೆಸಬೇಕು. ಯಾವ ಕೆಲಸಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನು ಸರ್ವರ್ ತನ್ನ ಲಾಗ್‌ನಲ್ಲಿ ಬರೆದಿಡುವಂತೆ ಮಾಡಬಹುದು. ಅದನ್ನು ಓದಿದರೆ ಗಂಟು ಸಿಗುತ್ತದೆ.

ಎರಡನೆಯ ಕಾರಣ, ಕೇಳಿದ್ದನ್ನೇ ಕೇಳುವುದು. 2025ರ ಏಪ್ರಿಲ್ 12ರಂದು ಯುಪಿಐ ಕುಂಟಿದ್ದು ವ್ಯಾಪಾರಿಗಳಿಗೆ ನೆನಪಿರಬೇಕು. ‘ಹಣ ಮುಟ್ಟಿತೆ, ಮುಟ್ಟಿತೆ’ ಎಂದು ಬ್ಯಾಂಕುಗಳ ವ್ಯವಸ್ಥೆಗಳು ಹಳೆಯ ವ್ಯವಹಾರಗಳಿಗೂ ಮತ್ತೆ ಮತ್ತೆ ವಿಚಾರಣೆ ಕಳಿಸಿದ್ದೇ ಮೂಲವೆಂದು ಎನ್‌ಪಿಸಿಐ ಪತ್ತೆ ಹಚ್ಚಿತು. ಆ ವರ್ಷ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬೇಕೆಂಬ ಮಿತಿಯೂ ಬಂತು. ಒಂದೇ ಬಟನ್ನನ್ನು ಹತ್ತು ಸಲ ಒತ್ತುವ ನಾವೂ ಸಾಲಿಗೆ ಹತ್ತು ಲಾರಿ ಸೇರಿಸಿದಂತೆಯೇ.

ಮೂರನೆಯದು ಕೇಡಿಗರ ಕೈ. ಗಡಿಯಾಚೆ ಕರ್ನಾಟಕದಲ್ಲಿ ಹೊಲ ಇದ್ದವರಿಗೆ ನೋಂದಣಿಯ ಕಾವೇರಿ 2.0 ಗೊತ್ತು. 2025ರ ಜನವರಿಯಲ್ಲಿ ಅದರ ಮೇಲೆ ಎರಡು ತಾಸಿನಲ್ಲಿ 6.2 ಲಕ್ಷ ಕಳ್ಳ ಕೋರಿಕೆಗಳು ಬಿದ್ದವು. ಋಣಭಾರ ಪತ್ರದ ಹುಡುಕಾಟ ಎಂದಿನ 8 ಪಟ್ಟಾಯಿತು. ಬೇರು ಹಿಡಿದು ಹೋದಾಗ 62 ಇಮೇಲ್ ಖಾತೆಗಳು ಸಿಕ್ಕವು.

ಅಂದರೆ ಹುಡುಕಿದರೆ ಸಿಗುತ್ತದೆ. ಮೂರು ಬೇನೆಗೆ ಮೂರು ಮದ್ದು. ಆದರೆ ನಮ್ಮ ಕಟ್ಟೆಗೆ ಬರುವಾಗ ಎಲ್ಲಕ್ಕೂ ಒಂದೇ ಹೆಸರು, ‘ಸರ್ವರ್ ಡೌನ್’. ಆಮೇಲೆ ಯಾರನ್ನೂ ಕೇಳುವಂತಿಲ್ಲ.

ರೈತ ಬಾಂಧವರೇ, ಕೊನೆಯ ದಿನಕ್ಕೆ ಕಾಯಬೇಡಿ. ಕೆಲಸ ಆಗದಿದ್ದರೆ ತಾರೀಖು, ವೇಳೆ ಕಾಣುವಂತೆ ಪರದೆಯ ಫೋಟೊ ತಗೊಳ್ರಿ. ಸರಕಾರವೂ ಎರಡು ಕೆಲಸ ಮಾಡಲಿ. ತಡೆ ಎಲ್ಲಿದೆ, ಎಂದು ಸರಿಹೋಗುತ್ತದೆ ಎಂದು ಮರಾಠಿ, ಕನ್ನಡ ಎರಡರಲ್ಲೂ ಬೋರ್ಡು ಹಾಕಲಿ. ಗಡುವಿನೊಳಗೆ ಕಾಗದ ಹಿಡಿದು ಬಂದವನಿಗೆ ತಾರೀಖಿನ ಚೀಟಿ ಕೊಟ್ಟು, ಅದನ್ನೇ ಅರ್ಜಿಯ ದಿನವೆಂದು ಎಣಿಸಲಿ.

ಯಾರ್ಡಿನಲ್ಲಿ ಕಾಟಾ ಕೆಟ್ಟರೆ ‘ನಿನ್ನ ಮಾಲು ತಡವಾಗಿ ಬಂತು’ ಎಂದು ಯಾವ ಅಡತಿಯವನೂ ಅನ್ನುವುದಿಲ್ಲ. ಸರಕಾರ ಮಾತ್ರ ಯಾಕ ಅನ್ನಬೇಕು?