ಪುಕ್ಕಟೆ ಪಾಠ, ಮೇಷ್ಟರ ಜೇಬು

ಸರ್ಕಾರಿ ಶಾಲೆಯ ಉಪಾಧ್ಯಾಯರಿಗೆ ಇಂದು ಪಾಠದ ಸಾಮಗ್ರಿಗೆ ಬರವಿಲ್ಲ. ಬರವಿರುವುದು ಅದನ್ನು ತರಗತಿಯವರೆಗೆ ತರುವ ದಾರಿಗೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ, ಅಧಿಕಾರಿಗಳು "ಎಲ್ಲವನ್ನೂ ಕೊಟ್ಟಿದ್ದೇವೆ" ಎನ್ನುವುದು, ಮೇಷ್ಟರು "ನಮಗೇನೂ ತಲುಪಿಲ್ಲ" ಎನ್ನುವುದು ಇನ್ನೂ ಹತ್ತು ವರ್ಷ ಹೀಗೆಯೇ ನಡೆದೀತು. ನಂಜನಗೂಡು ತಾಲ್ಲೂಕಿನ ಹೆಡತಲೆಯಂಥ ಊರನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡುವುದು ಲೇಸೆಂದು ನಾವು ಬಗೆದಿದ್ದೇವೆ.

ಮೊದಲು, ಇರುವುದೇನೆಂದು ಹೇಳೋಣ. 2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ಇದೆ. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಕ್ಯೂಆರ್ ಗುರುತಿಗೆ ಮೊಬೈಲ್ ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರ, ವಿಡಿಯೋ, ಅಭ್ಯಾಸದ ಪ್ರಶ್ನೆ ತೆರೆಯುತ್ತದೆ. ಒಮ್ಮೆ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್‌ವರ್ಕ್ ಇಲ್ಲದೆಯೂ ತೋರಿಸಬಹುದು. ರಾಜ್ಯದ ಶಿಕ್ಷಣ ಸಂಶೋಧನಾ ಇಲಾಖೆ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯೊಡನೆ ಕೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವಿದೆ. ಸರ್ಕಾರಿ ಪ್ರೌಢಶಾಲೆಯ ಉಪಾಧ್ಯಾಯರೇ ಅಲ್ಲಿ ಪಾಠ ಬರೆದಿದ್ದಾರೆ. ರೇಖಾಗಣಿತಕ್ಕೆ 'ಜಿಯೋಜೆಬ್ರಾ' ಇದೆ. ತ್ರಿಕೋನದ ಒಂದು ಮೂಲೆ ಹಿಡಿದು ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಪ್ರಯೋಗಶಾಲೆ ಇಲ್ಲದ ಶಾಲೆಗೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದ 'ಫೆಟ್' ಪ್ರಯೋಗಗಳಿವೆ. ಕೆಲವು ಕನ್ನಡದಲ್ಲೂ ಇವೆ. ಸಣ್ಣ ಮಕ್ಕಳ ಕಥೆಗಳಿಗೆ 2015ರಲ್ಲಿ ಪ್ರಥಮ್ ಬುಕ್ಸ್ ತೆರೆದ 'ಸ್ಟೋರಿವೀವರ್' ಇದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ.

ಇನ್ನೂ ಹತ್ತಿರದ ಮಾತು. ಹೆಡತಲೆಯ ಲಕ್ಷ್ಮೀಕಾಂತಸ್ವಾಮಿ ದೇವಾಲಯ ಹೊಯ್ಸಳರ ಕಾಲದ್ದು. ನಂಜನಗೂಡು ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲಿಯೇ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಒಂದು ಕಾಲಕ್ಕೆ ಅದನ್ನು ನೋಡಬೇಕಾದರೆ ದೊಡ್ಡ ಗ್ರಂಥಾಲಯದ ಬಾಗಿಲಿಗೆ ಹೋಗಬೇಕಿತ್ತು. ಇಂದು 'ಇಂಟರ್‌ನೆಟ್ ಆರ್ಕೈವ್'ನಲ್ಲಿ ಯಾರು ಬೇಕಾದರೂ ಓದಬಹುದು. ಚರಿತ್ರೆಯ ಮೇಷ್ಟರು ಮಕ್ಕಳನ್ನು ಗುಡಿಗೆ ಕರೆದೊಯ್ದು, ಬಂದ ಮೇಲೆ ಆ ಪುಟಗಳನ್ನು ಗೋಡೆಯ ಮೇಲೆ ತೋರಿಸಿದರೆ, ಹೊಯ್ಸಳರು ಪರೀಕ್ಷೆಗೆ ಉರು ಹೊಡೆಯುವ ಹೆಸರಾಗಿ ಉಳಿಯುವುದಿಲ್ಲ, ಊರಿನವರಾಗುತ್ತಾರೆ.

ಇವೆಲ್ಲವೂ ಪುಕ್ಕಟೆ. ಆದರೆ ಪುಕ್ಕಟೆಯಾದದ್ದು ಪಾಠ ಮಾತ್ರ. ಪಾಠ ತೋರಿಸುವ ಮೊಬೈಲ್ ಯಾರದು? ಅದಕ್ಕೆ ಹಾಕಿಸುವ ಡೇಟಾ ಯಾರ ಸಂಬಳದ್ದು? ಬಹುಪಾಲು ಹಳ್ಳಿಗಳಲ್ಲಿ ಈ ಎರಡು ಪ್ರಶ್ನೆಗೂ ಒಂದೇ ಉತ್ತರ: ಮೇಷ್ಟರದು. ದೇಶದ ಶಾಲೆಗಳ ಪೈಕಿ ಅಂತರ್ಜಾಲವಿರುವುದು 2023-24ರಲ್ಲಿ ನೂರಕ್ಕೆ 53.9ಕ್ಕೆ, 2024-25ರಲ್ಲಿ 63.5ಕ್ಕೆ ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದೆ. ಏರಿಕೆ ಸಂತೋಷದ್ದೇ. ಆದರೆ ಇದು ಉಳ್ಳವರ ಖಾಸಗಿ ಶಾಲೆಗಳನ್ನೂ ಸೇರಿಸಿ ಬಂದ ಲೆಕ್ಕ. ಮೂರರಲ್ಲಿ ಒಂದಕ್ಕೂ ಹೆಚ್ಚು ಶಾಲೆ ಇನ್ನೂ ಹೊರಗೇ ನಿಂತಿದೆ. ಆ ಹೊರಗಿನ ಸಾಲಿನಲ್ಲಿ ನಿಂತಿರುವವರು ಯಾರ ಮಕ್ಕಳೆಂದು ಬಿಡಿಸಿ ಹೇಳಬೇಕೆ?

ಯಂತ್ರ ಬಂದರೆ ಸಾಕು, ವಿದ್ಯೆ ತಾನಾಗಿ ಬಂದೀತೆಂಬ ಭ್ರಮೆ ಹೊಸದಲ್ಲ. 1975ರ ಆಗಸ್ಟ್‌ನಲ್ಲಿ ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ಬಂತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ತುಂಬಿತು, 1976ರ ಜುಲೈ ಕೊನೆಗೆ ಎರವಲೂ ಮುಗಿಯಿತು. 2004ರಲ್ಲಿ ನಮ್ಮದೇ 'ಎಜುಸ್ಯಾಟ್' ಹಾರಿತು. ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸಿತು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ತೀರಿತು. ಇನ್ನು ಬಂಡವಾಳಗಾರರ ಪಾಠದ ಅಂಗಡಿಯ ಗತಿ ನೋಡಿ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೈಜೂಸ್ ಕಂಪನಿ 2024ರ ಜುಲೈನಲ್ಲಿ ದಿವಾಳಿ ವಿಚಾರಣೆಗೆ ಒಳಪಟ್ಟಿತು. ಮೇಲಿನಿಂದ ಇಳಿದು ಬಂದದ್ದು ಮೇಲಿನವರ ಲೆಕ್ಕ ಮುಗಿದೊಡನೆ ಹೊರಟುಹೋಗುತ್ತದೆ.

ಉಳಿದು ಬೆಳೆದದ್ದು ಯಾವುದು? 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ 'ನಲಿಕಲಿ'. ಅಲ್ಲಿನ ಉಪಾಧ್ಯಾಯರು ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕುಳಿತು ಕಾರ್ಡುಗಳನ್ನು ಬರೆದರು, ಕಲಿಕೆಯ ಏಣಿಯನ್ನು ಕಟ್ಟಿದರು. ಕಾಡಂಚಿನ ಹಿಂದುಳಿದ ತಾಲ್ಲೂಕಿನ ಮೇಷ್ಟರು ಮಾಡಿದ್ದು ಮುಂದೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಪದ್ಧತಿಯಾಯಿತು. ಕಾರ್ಡಿನ ಬದಲು ಮೊಬೈಲ್ ಬಂದ ಮಾತ್ರಕ್ಕೆ ಈ ಪಾಠ ಹಳತಾಗುವುದಿಲ್ಲ. ಸಾಧನ ಮೇಷ್ಟರ ಕೈಯಲ್ಲಿರಬೇಕು. ಅದನ್ನು ತಿದ್ದುವ, ಕನ್ನಡಕ್ಕೆ ತರುವ, ತನ್ನ ಊರಿಗೆ ಒಗ್ಗಿಸುವ ಹಕ್ಕೂ ಅವರಿಗಿರಬೇಕು. ನಾವು ಮೇಲೆ ಹೇಳಿದ ಮುಕ್ತ ಸಾಮಗ್ರಿಗಳ ದೊಡ್ಡ ಗುಣವೇ ಇದು.

"ಮಕ್ಕಳಿಗೆ ಈಗಿರುವ ಮೊಬೈಲ್ ಹುಚ್ಚು ಸಾಲದೆ?" ಎಂದು ತಾಯಿತಂದೆಯರು ಕೇಳುತ್ತಾರೆ. ಕೇಳುವುದು ನ್ಯಾಯವೇ. ನಾವು ಹೇಳುತ್ತಿರುವುದು ಮಗುವಿನ ಕೈಗೊಂದು ಮೊಬೈಲ್ ಎಂದಲ್ಲ. ತರಗತಿಗೊಂದು ತೆರೆ, ಅದರ ಪಕ್ಕದಲ್ಲಿ ಮೇಷ್ಟರು ಎಂದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ ಬಂತು. ಆದರೂ ಉಪಾಧ್ಯಾಯರು ಊರೂರಿನ ಜಗಲಿಗೆ ಹೋಗಿ 'ವಿದ್ಯಾಗಮ'ದಲ್ಲಿ ಕಲಿಸಬೇಕಾಯಿತು. ತೆರೆ ಎಷ್ಟೇ ದೊಡ್ಡದಿರಲಿ, ಮಗುವಿನ ಮುಖ ನೋಡಿ "ಅರ್ಥವಾಗಲಿಲ್ಲವೆ?" ಎಂದು ಅದು ಕೇಳಲಾರದು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಒಂದು: ಪ್ರತಿ ಗ್ರಾಮ ಪಂಚಾಯಿತಿಗೂ ಫೈಬರ್ ತಂತಿ ಮುಟ್ಟಿಸುವುದು 2011ರಿಂದ ಕೇಂದ್ರದ ಯೋಜನೆ, ಅದೇ ತಂತಿಯನ್ನು ಊರಿನ ಸರ್ಕಾರಿ ಶಾಲೆಗೂ ಎಳೆಯಲಿ, ಬಿಲ್ಲು ಸರ್ಕಾರದ್ದಾಗಲಿ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ಉಚಿತವೆಂದು ರಾಜ್ಯ ಸರ್ಕಾರ 2023ರ ರಾಜ್ಯೋತ್ಸವದಂದು ಸಾರಿತು. ದೀಪಕ್ಕೆ ಸಲ್ಲುವ ನ್ಯಾಯ ಅಂತರ್ಜಾಲಕ್ಕೂ ಸಲ್ಲಬೇಕು. ಎರಡು: ಮೊಬೈಲೋ ಪ್ರೊಜೆಕ್ಟರೋ ಶಾಲೆಯ ಹೆಸರಿನಲ್ಲಿರಲಿ, ಕೆಟ್ಟರೆ ರಿಪೇರಿಗೆ ತಾಲ್ಲೂಕಿಗೊಬ್ಬ ಮೆಕ್ಯಾನಿಕ್ ಇರಲಿ. ಮೂರು: ಸರ್ಕಾರದ ಹಣದಲ್ಲಿ ತಯಾರಾದ ಪ್ರತಿ ಪಾಠವೂ ಕನ್ನಡದಲ್ಲಿ, ಯಾರು ಬೇಕಾದರೂ ನಕಲು ಮಾಡಿ ತಿದ್ದಿ ಬಳಸುವಂತೆ ಇರಲಿ. ನಾಲ್ಕು: ಹಾಜರಿ, ಬಿಸಿಯೂಟ, ಅಂಕಿಅಂಶಗಳ ಭರ್ತಿಗೆ ಬೇರೆ ನೌಕರರನ್ನು ನೇಮಿಸಲಿ. ಮೇಷ್ಟರ ಮೊಬೈಲ್ ಇಲಾಖೆಯ ಗುಮಾಸ್ತನಾಗಿರುವವರೆಗೆ ಅದು ಪಾಠದ ಸಾಧನವಾಗದು.

ಶಾಲಾಭಿವೃದ್ಧಿ ಸಮಿತಿಯ ಸದಸ್ಯರೂ ತಾಯಿತಂದೆಯರೂ ಬರುವ ಗ್ರಾಮಸಭೆಯಲ್ಲಿ ಎದ್ದುನಿಂತು ಒಂದೇ ಪ್ರಶ್ನೆ ಕೇಳಲಿ: "ಪಂಚಾಯಿತಿಗೆ ಬರುವ ತಂತಿ ನಮ್ಮ ಶಾಲೆಗೆ ಯಾವಾಗ ಬರುತ್ತದೆ?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ತಾರೀಖು ಹಾಕಿಸಲಿ. ಹೆಡತಲೆಯಲ್ಲಿ ಕೇಳಿದರೆ ಹದಿನಾರು ಹಳ್ಳಿಗೆ ಕೇಳಿಸುತ್ತದೆ.