ಮೆಟ್ಟಿಲು ಹತ್ತದ ಡಾಲೆಕ್

ಮೊದಲೇ ಒಪ್ಕೊಂಡುಬಿಡ್ತೀವಿ. ಹೋದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ನಾವು ಮಾಡಿದ್ದಲ್ಲ, ಅಂಗಡಿಯಿಂದ ರೆಡಿಮೇಡ್ ತಂದದ್ದು. ಕೋಡ್, ಸರ್ಕ್ಯೂಟ್, ರಿಪೋರ್ಟ್, ಪಿಪಿಟಿ ಎಲ್ಲಾ ಒಟ್ಟಿಗೇ ಬಂದಿತ್ತು. ನಾವು ಸೇರಿಸಿದ್ದು ನಮ್ಮ ಹೆಸರು, ಯುಎಸ್‌ಎನ್ ಮತ್ತು ಸ್ಪೈರಲ್ ಬೈಂಡಿಂಗ್. ಒಳ್ಳೆ ಮಾರ್ಕ್ಸೂ ಬಂದ್ವು. ಈ ವರ್ಷ ಅದೇ ನಾಲ್ಕು ಜನ ಸೇರಿ, ಯಾರಿಗೂ ಉಪಯೋಗವಿಲ್ಲದ ಒಂದು ದೊಡ್ಡ ಡಬ್ಬಾ ಕಟ್ಟಿದ್ವಿ. ಅದಕ್ಕೆ ಒಂದು ಮಾರ್ಕೂ ಇಲ್ಲ. ಇವೆರಡರಲ್ಲಿ ಎಂಜಿನಿಯರಿಂಗ್ ಯಾವುದು?

ಡಬ್ಬಾದ ಹೆಸರು ಡಾಲೆಕ್. 1963ರ ನವೆಂಬರ್‌ನಲ್ಲಿ ಬಿಬಿಸಿಯಲ್ಲಿ ಶುರುವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಖಳ ಇದು. ಅದೇ ಡಿಸೆಂಬರ್‌ನಲ್ಲಿ ಮೊದಲ ಸಲ ತೆರೆಗೆ ಬಂತು. ಬರೆದವರು ಟೆರ್ರಿ ನೇಷನ್, ರೂಪ ಕೊಟ್ಟವರು ರೇಮಂಡ್ ಕ್ಯುಸಿಕ್. ಅದರ ಭಯಂಕರ ಕೈ ಅಂದ್ರೆ ಸಿಂಕ್ ಕಟ್ಟಿಕೊಂಡಾಗ ಒತ್ತೋ ರಬ್ಬರ್ ಪ್ಲಂಜರ್! ಒಳಗೆ ಒಬ್ಬ ನಟ ಕೂತು, ಕಾಲಿಂದ ನೆಲ ತಳ್ಳುತ್ತಾ ಗಾಲಿ ಮೇಲೆ ಓಡಾಡಿಸ್ತಿದ್ದ. ದಸರಾ ಮೆರವಣಿಗೆಯ ಗಾರುಡಿ ಗೊಂಬೆ ನೋಡಿದವರಿಗೆ ಒಳಗೆ ಮನುಷ್ಯ ಇರೋ ಈ ಐಡಿಯಾ ಹೊಸದೇನಲ್ಲ.

ನಮ್ಮಲ್ಲೊಬ್ಬನ ಊರು ನವಲಗುಂದ. ಹೋಳಿ ರಜೆಗೆ, ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಅಂತ ನಾಲ್ವರೂ ಅಲ್ಲಿಗೆ ಹೋದ್ವಿ. ದರ್ಶನ ಮುಗಿಸಿ, ಪ್ಲೈವುಡ್ ಹೊತ್ಕೊಂಡು ಅವರ ಓಣಿಯ ಬಡಗಿ ಕಾಕಾ ಅವರ ಅಂಗಡಿಗೆ ಹೊಕ್ಕೆವು. ಲ್ಯಾಪ್‌ಟಾಪ್‌ನಲ್ಲಿ ಡ್ರಾಯಿಂಗ್ ತೋರಿಸಿದ್ವಿ.

“ಏನಪಾ ಇದು, ಉಪ್ಪಿನಕಾಯಿ ಭರಣಿ ಇದ್ದಂಗ ಐತಿ?”

“ಇದರೊಳಗ ಒಬ್ಬಾಂವ ಕುಂದರಬೇಕ್ರಿ ಕಾಕಾ.”

“ಕುಂತಾಂವ ಉಸರ ಹ್ಯಾಂಗ ಆಡ್ತಾನ? ಹೊರಗಿಂದ ಏನ್ ಕಾಣತೈತಿ ಅವಗ?”

ನಮ್ಮ ಹತ್ರ ಉತ್ತರ ಇರ್ಲಿಲ್ಲ. ಬಿಬಿಸಿಯವರು ಕುತ್ತಿಗೆ ಭಾಗಕ್ಕೆ ಜಾಳಿಗೆ ಯಾಕೆ ಹಾಕಿದ್ರು ಅಂತ ಆಗ ತಿಳೀತು. ಒಳಗಿದ್ದ ನಟ ಅದರಿಂದಲೇ ಹೊರಗೆ ನೋಡ್ತಿದ್ದ. ನಾವು ಅದನ್ನ ಬರೀ ಡಿಸೈನ್ ಅಂದ್ಕೊಂಡಿದ್ವಿ.

ಅದು ನಮ್ಮ ಮೊದಲ ನಿಜವಾದ ವೈವಾ. ಅದೂ ಕನ್ನಡದಲ್ಲಿ. ಕಾನ್ವೆಂಟ್‌ನಲ್ಲಿ ಓದಿದ ನಮಗೆ ಗುನ್ಯಾ, ರಂದಾ, ಉಳಿ ಅಂದ್ರೆ ಯಾವುದು ಅಂತ ಬೆರಳು ಮಾಡಿ ಕೇಳಬೇಕಾಯ್ತು. ಕ್ಯಾಡ್‌ನಲ್ಲಿ ಕೆಳಭಾಗದ ಓರೆ ಹಲಗೆಗಳು ಚಂದ ಕೂಡಿದ್ವು. ಕತ್ತರಿಸಿ ಜೋಡಿಸಿದ್ರೆ ನಡುವೆ ಬೆರಳು ಹೋಗೋಷ್ಟು ಸಂದು! ಪ್ಲೈವುಡ್‌ಗೆ ದಪ್ಪ ಇರುತ್ತೆ, ಅಂಚನ್ನೂ ಓರೆ ಮಾಡಬೇಕು ಅನ್ನೋದನ್ನ ಮರೆತಿದ್ವಿ. ಮೂರು ಹಲಗೆ ಹಾಳಾದ್ವು. ಕಾಕಾ ಬೈಲಿಲ್ಲ. “ಮೊದಲ ರಟ್ಟಿನಾಗ ಕತ್ತರಿಸಿ ನೋಡ್ರಿ, ಆಮ್ಯಾಲ ಕಟಗಿ ಮುಟ್ರಿ” ಅಂದ್ರು, ಅಷ್ಟೇ. ಪ್ರೋಟೋಟೈಪ್ ಅಂತ ನಾವು ಪರೀಕ್ಷೇಲಿ ಎರಡು ಪುಟ ಬರೀತೀವಲ್ಲ, ಅದು.

ಡಾಲೆಕ್‌ನ ಕೆಳಭಾಗದಲ್ಲಿ 56 ಅರ್ಧಗೋಳ ಇರ್ತವೆ. ಸಂತೆಯಲ್ಲಿ 28 ಪ್ಲಾಸ್ಟಿಕ್ ಚೆಂಡು ತಂದು ಕೊಯ್ದ್ವಿ. ದನಿಗೆ ಬಿಬಿಸಿ ಬಳಸಿದ್ದು ರಿಂಗ್ ಮಾಡ್ಯುಲೇಟರ್. ನಟನ ದನಿಯನ್ನ ಸುಮಾರು 30 ಹರ್ಟ್ಸ್ ಸೈನ್ ವೇವ್ ಜೊತೆ ಗುಣಿಸೋದು. ನಾಲ್ಕು ಡಯೋಡ್, ಎರಡು ಟ್ರಾನ್ಸ್‌ಫಾರ್ಮರ್. ಈ ಚಿತ್ರವನ್ನ ನಾವು ಕಣ್ಣು ಮುಚ್ಚಿ ಬರೀತೀವಿ. ಆದ್ರೂ ಒಂದು ಡಯೋಡ್ ಉಲ್ಟಾ ಹಾಕಿ, ಮೊದಲ ದಿನ ಬರೀ ಗುಂಯ್ ಅನ್ನಿಸಿದ್ವಿ. ಸರಿಯಾದ ಮೇಲೆ ನಮ್ಮ ದನಿಯೇ ಒಡೆದು ಲೋಹದಂತೆ ಬಂದಾಗ, ಸೈಡ್‌ಬ್ಯಾಂಡ್ ಅಂದ್ರೇನು ಅಂತ ಕಿವಿಗೇ ಗೊತ್ತಾಯ್ತು.

ಫೆಸ್ಟ್ ದಿನ ಇನ್ನೊಂದು ಪಾಠ ಕಾದಿತ್ತು. ಸ್ಟೇಜಿಗೆ ಐದು ಮೆಟ್ಟಿಲು! ಡಾಲೆಕ್ ಮೆಟ್ಟಿಲು ಹತ್ತೋಕೆ ಆಗಲ್ಲ ಅನ್ನೋದು ಇಂಗ್ಲೆಂಡಿನ ಹಳೇ ಜೋಕು. 1988ರ ಕಂತೊಂದರಲ್ಲಿ ಅದನ್ನ ತೇಲಿಸಿ ಮೆಟ್ಟಿಲು ಹತ್ತಿಸಿದ್ರು. ನಮ್ಮದನ್ನ ಎಂಟು ಜನ ಎತ್ತಿದ್ವಿ.

“ಇದರ ಅಪ್ಲಿಕೇಶನ್ ಏನು?” ಅಂತ ಸ್ಟೇಜ್ ಕೆಳಗೆ ಕೇಳಿದ್ರು. ಪ್ರಶ್ನೆ ತಪ್ಪಲ್ಲ. ರೈತರಿಗೆ, ರೋಗಿಗಳಿಗೆ ಆಗೋ ಪ್ರಾಜೆಕ್ಟ್ ಬೇಕೇ ಬೇಕು. ಆದ್ರೆ ಅಪ್ಲಿಕೇಶನ್ ಹೆಸರಲ್ಲಿ ನಮ್ಮಲ್ಲಿ ಎಷ್ಟು ಜನ ಅದೇ ಸ್ಮಾರ್ಟ್ ನೀರಾವರಿ ಕಿಟ್ ಕೊಂಡು ತರ್ತೀವಿ? ಆ ಕಿಟ್ ಯಾವ ಹೊಲಕ್ಕೂ ಹೋಗಲ್ಲ. ವೈವಾ ಮುಗಿದ ಮೇಲೆ ಮಂಚದ ಕೆಳಗೆ ಹೋಗುತ್ತೆ. ಅದೂ ಉಪಯೋಗವಿಲ್ಲದ್ದೇ, ಜೊತೆಗೆ ನಮ್ಮದೂ ಅಲ್ಲ.

ಅದಕ್ಕೆ ನಮ್ಮದೊಂದು ಸಣ್ಣ ಬೇಡಿಕೆ. ಪ್ರಾಜೆಕ್ಟ್ ಯಾವುದಾದ್ರೂ ಇರಲಿ, ಡಾಲೆಕ್ ಆದ್ರೂ ಸರಿ, ಡ್ರೋನ್ ಆದ್ರೂ ಸರಿ. ವೈವಾ ದಿನ ಮಾಡಿದ ವಸ್ತುವಿನ ಪಕ್ಕದಲ್ಲಿ ಹಾಳು ಮಾಡಿದ ತುಂಡುಗಳನ್ನೂ ಇಡಬೇಕು. ಸುಟ್ಟ ಐಸಿ, ತಪ್ಪಾಗಿ ಕತ್ತರಿಸಿದ ಹಲಗೆ, ಓಡದ ಕೋಡ್, ಎಲ್ಲಾ. ಅದಕ್ಕೂ ಮಾರ್ಕ್ಸ್ ಇರಲಿ. ಕೊಂಡು ತಂದವರ ಹತ್ರ ಅದೊಂದು ಇರಲ್ಲ. ಹೋದ ಸಲ ನಮ್ಮ ಹತ್ರವೂ ಇರ್ಲಿಲ್ಲ.

ನಮ್ಮ ಮೂರು ಹಾಳಾದ ಹಲಗೆ ಈಗ ಕ್ಲಬ್ ರೂಮಿನಲ್ಲಿವೆ. ಬಂದು ನೋಡಿ, ಯಾಕೆ ಹಾಳಾದ್ವು ಅಂತ ಕೇಳಿ. ಈ ಸಲ ನಮಗೆ ಉತ್ತರ ಗೊತ್ತು.